ಸ್ಟೇರಿಂಗ್ ಹಿಡಿದ ಗಂಟೆಗೆ ಬೆಲೆ ಎಷ್ಟು?

"ಡಿಎಲ್ ಸೇರಿ ಎಷ್ಟಾಯ್ತದೆ ಸಾರ್?"

ಹಾಸನ ಜಿಲ್ಲೆಯ ಯಾವ ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲಿ ನಿಂತರೂ ಮೊದಲು ಕಿವಿಗೆ ಬೀಳುವ ಮಾತು ಇದು. ಪರೀಕ್ಷೆ ಮುಗಿಸಿ ರಜೆಯಲ್ಲಿರುವ ಹುಡುಗರು, ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕಿಯರು, ಬೆಂಗಳೂರಿನ ಮಗ ಹಳೇ ಕಾರು ತಂದು ಮನೆ ಮುಂದೆ ನಿಲ್ಲಿಸಿ ಹೋದ ಮೇಲೆ ಅದನ್ನು ಓಡಿಸಲೇಬೇಕೆಂದು ಹೊರಟ ಅಪ್ಪಂದಿರು, ಎಲ್ಲರೂ ಕೇಳುವುದು ಅದನ್ನೇ. ಉತ್ತರವಾಗಿ ಒಂದು ಮೊತ್ತ ಬರುತ್ತದೆ. ಪಕ್ಕದ ರಸ್ತೆಯ ಸ್ಕೂಲಿನವರು ಐನೂರು ಕಡಿಮೆ ಹೇಳುತ್ತಾರೆ. ಮತ್ತೊಬ್ಬರು ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ 'ಇಬ್ಬರು ಸೇರಿದರೆ ರಿಯಾಯಿತಿ' ಎಂದು ಹಾಕಿರುತ್ತಾರೆ. ಕಡಿಮೆ ಹೇಳಿದವರಲ್ಲಿ ಮುಂಗಡ ಕೊಟ್ಟು ಬರುತ್ತೇವೆ. ಕೇಳಲೇಬೇಕಿದ್ದ ಇನ್ನೊಂದು ಪ್ರಶ್ನೆ ಹಾಗೇ ಉಳಿದುಬಿಡುತ್ತದೆ: ಈ ದುಡ್ಡಿಗೆ ಸ್ಟೇರಿಂಗ್ ನನ್ನ ಕೈಯಲ್ಲಿ ಎಷ್ಟು ಗಂಟೆ ಇರುತ್ತದೆ?

ಕಾನೂನಿನಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 31ನೇ ನಿಯಮದ ಪ್ರಕಾರ, ಸ್ವಂತ ಬಳಕೆಯ ಕಾರಿನಂಥ ವಾಹನ ಕಲಿಸುವ ಸ್ಕೂಲು ಕನಿಷ್ಠ 21 ದಿನ ತರಬೇತಿ ಕೊಡಬೇಕು. ಅದರಲ್ಲಿ ಕಲಿಯುವವರು ನಿಜವಾಗಿ ಗಾಡಿ ಓಡಿಸಿದ ಹೊತ್ತು 10 ಗಂಟೆಗೆ ಕಡಿಮೆ ಆಗಬಾರದು. ಬಾಡಿಗೆ, ಸರಕು ಸಾಗಣೆಯ ವಾಹನವಾದರೆ 30 ದಿನ, 15 ಗಂಟೆ. ಹಿಂದಿನ ಸೀಟಿನಲ್ಲಿ ಕೂತು ಸರದಿ ಕಾದ ಹೊತ್ತು ಓಡಿಸಿದ ಹೊತ್ತಾಗುವುದಿಲ್ಲ.

ದರಕ್ಕೂ ಲೆಕ್ಕವಿದೆ. ರಾಜ್ಯ ಸರ್ಕಾರ ತರಬೇತಿ ಶುಲ್ಕವನ್ನು ಪರಿಷ್ಕರಿಸಿ 2024ರ ಜನವರಿ 1ರಿಂದ ಜಾರಿಗೆ ತಂದಿತು. ಕಾರಿಗೆ 4,000 ಇದ್ದದ್ದು 7,000 ರೂಪಾಯಿ ಆಯಿತು, ಬೈಕಿಗೆ 3,000, ಆಟೊಗೆ 4,000, ಸಾರಿಗೆ ವಾಹನಕ್ಕೆ 9,000. ಎಲ್‌ಎಲ್, ಡಿಎಲ್ ಶುಲ್ಕ ಇದರಲ್ಲಿ ಸೇರಿಲ್ಲ. ಆ ಆದೇಶ ಬಂದಾಗ ಬಡವರ ಜೇಬಿಗೆ ಕತ್ತರಿ ಎಂದು ಬೇಸರಪಟ್ಟವರು ಬಹಳ. ಬೇಸರ ಸಹಜವೇ. ಆದರೆ ಏಳು ಸಾವಿರವನ್ನು ಹತ್ತು ಗಂಟೆಗೆ ಭಾಗಿಸಿ ನೋಡಿ: ಗಂಟೆಗೆ 700 ರೂಪಾಯಿ. ಇದನ್ನು ನೆನಪಿಟ್ಟುಕೊಂಡು ಅಗ್ಗದ ಪ್ಯಾಕೇಜಿನ ಕಡೆಗೆ ಹೋಗೋಣ.

ಎಲ್‌ಎಲ್, ಡಿಎಲ್, ತರಬೇತಿ ಎಲ್ಲ ಸೇರಿ 4,500 ರೂಪಾಯಿಗೆ ಒಂದು ಪ್ಯಾಕೇಜು ಸಿಕ್ಕಿತು ಅಂತಿಟ್ಟುಕೊಳ್ಳಿ. ಹದಿನೈದು ದಿನದ ಕ್ಲಾಸು. ಬೈಕು, ಕಾರು ಎರಡಕ್ಕೂ ಎಲ್‌ಎಲ್ ಮಾಡಿಸಿದರೆ ಸರ್ಕಾರಕ್ಕೆ ಕಟ್ಟುವುದು ಸುಮಾರು 350 ರೂಪಾಯಿ, ಡಿಎಲ್‌ಗೆ ಸಾವಿರದ ಆಸುಪಾಸು. ಇದನ್ನು ಕಳೆದರೆ ತರಬೇತಿಗೆ ಉಳಿಯುವುದು 3,150. ಬೆಳಿಗ್ಗೆ ಒಂದೇ ಕಾರಿನಲ್ಲಿ ಮೂವರನ್ನು ಹತ್ತಿಸಿಕೊಂಡು ಮುಕ್ಕಾಲು ಗಂಟೆ ಸುತ್ತಿಸಿದರೆ ಒಬ್ಬೊಬ್ಬರಿಗೆ ಸಿಗುವುದು ಹದಿನೈದು ನಿಮಿಷ. ಹದಿನೈದು ದಿನಕ್ಕೆ ಮೂರೂ ಮುಕ್ಕಾಲು ಗಂಟೆ. 3,150ನ್ನು ಅದರಿಂದ ಭಾಗಿಸಿದರೆ ಗಂಟೆಗೆ 840 ರೂಪಾಯಿ. ಅಗ್ಗವೆಂದು ಸೇರಿದ ಹುಡುಗ ಗಂಟೆಯೊಂದಕ್ಕೆ 140 ರೂಪಾಯಿ ಹೆಚ್ಚು ಕೊಟ್ಟಿದ್ದಾನೆ, ಕಲಿಯಬೇಕಿದ್ದರಲ್ಲಿ ಅರ್ಧವನ್ನೂ ಕಲಿತಿಲ್ಲ.

ಸ್ಕೂಲು ನಡೆಸುವವರ ಕಡೆಯಿಂದಲೂ ಈ ಲೆಕ್ಕ ಹಾಕಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಹತ್ತು ಗಂಟೆ ಫಸ್ಟ್ ಗೇರು, ಸೆಕೆಂಡ್ ಗೇರಿನಲ್ಲಿ ನಿಂತು ನಿಂತು ಓಡುವ ಕಾರು ನೂರೈವತ್ತು ಕಿಲೋಮೀಟರಾದರೂ ಸಾಗುತ್ತದೆ. ಹಾಗೆ ಓಡುವ ಗಾಡಿ ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಟ್ಟರೆ ಹೆಚ್ಚು. ಲೀಟರಿಗೆ ನೂರು ರೂಪಾಯಿ ದಾಟಿದ ಪೆಟ್ರೋಲಿನಲ್ಲಿ ಅದು ಸಾವಿರದ ಮುನ್ನೂರು. ಕಲಿಸುವವರಿಗೆ ತಿಂಗಳಿಗೆ ಹದಿನೆಂಟು, ಇಪ್ಪತ್ತು ಸಾವಿರ ಸಂಬಳವೆಂದರೂ ಗಂಟೆಗೆ ನೂರು ರೂಪಾಯಿ. ಹತ್ತು ಗಂಟೆಗೆ ಸಾವಿರ. ಸರ್ಕಾರದ ಶುಲ್ಕ ಸಾವಿರದ ಮುನ್ನೂರೈವತ್ತು. ಒಟ್ಟು ಮೂರು ಸಾವಿರದ ಆರುನೂರರ ಮೇಲಾಯಿತು. ಕಾರಿನ ಕಂತು, ಇನ್ಶೂರೆನ್ಸ್, ಆಫೀಸಿನ ಬಾಡಿಗೆ, ಕಲಿಯುವವರ ಕಾಲಿಗೆ ಸಿಕ್ಕಿ ಬೇಗ ಸವೆಯುವ ಕ್ಲಚ್ ಪ್ಲೇಟು ಇನ್ನೂ ಹೊರಗಿವೆ. ಉಳಿದ ಎಂಟುನೂರು ಚಿಲ್ಲರೆಯಲ್ಲಿ ಅಷ್ಟನ್ನೂ ತೂಗಿಸಿ ಮನೆಯನ್ನೂ ನಡೆಸುವುದು ಆಗದ ಮಾತು. ಹಾಗಾಗಿ 4,500ಕ್ಕೆ ಎಲ್ಲ ಸೇರಿ ಎಂದವರು ಹತ್ತು ಗಂಟೆ ಕೊಡಲಾರರು. ಅವರು ಕೆಟ್ಟವರೆಂದಲ್ಲ, ಕೊಡಲು ದುಡ್ಡೇ ಇಲ್ಲ. ಎದುರಿನ ಸ್ಕೂಲು ಇಳಿಸಿತೆಂದು ತಾವೂ ಇಳಿಸಿ, ಇಳಿಸಿದ್ದನ್ನು ಕಲಿಯುವವರ ನಿಮಿಷಗಳಲ್ಲಿ ಕಡಿಯುತ್ತಾರೆ. ಪ್ರಾಮಾಣಿಕವಾಗಿ ಕಲಿಸುವ ಸ್ಕೂಲಿನವರು ಈ ಪೈಪೋಟಿಯಲ್ಲಿ ಮೊದಲು ಏಟು ತಿನ್ನುತ್ತಾರೆ. ಅಂಥವರ ಬಗ್ಗೆ ನನಗೆ ನಿಜವಾದ ಮರುಕವಿದೆ.

ಎಡಗಾಲು ಕಲಿಯದೇ ಹೋದಾಗ

ನಿಮಿಷ ಕಡಿಮೆಯಾದರೆ ಏನು ತಪ್ಪಿಹೋಗುತ್ತದೆ? ಮೊದಲು ತಪ್ಪುವುದು ಎಡಗಾಲಿನ ಪಾಠ.

ತರಬೇತಿ ಕಾರಿಗೆ ಡಬಲ್ ಕಂಟ್ರೋಲ್ ಕಡ್ಡಾಯ. ಪಕ್ಕದ ಸೀಟಿನ ಮಾಸ್ಟ್ರ ಕಾಲಡಿಯೂ ಕ್ಲಚ್ಚು, ಬ್ರೇಕು ಇರಬೇಕು. ಇದು ಜೀವ ಉಳಿಸಲು ಇರುವ ಏರ್ಪಾಡು. ಆದರೆ ಹದಿನೈದು ನಿಮಿಷದಲ್ಲಿ ಒಬ್ಬರನ್ನು ಇಳಿಸಿ ಇನ್ನೊಬ್ಬರನ್ನು ಹತ್ತಿಸಬೇಕಾದ ಮಾಸ್ಟ್ರಿಗೆ, ಕಲಿಯುವವರು ಗಾಡಿ ಆಫ್ ಮಾಡುತ್ತಾ ಕೂತರೆ ಪೂರೈಸುವುದಿಲ್ಲ. ಹಿಂದೆ ಬಸ್ಸು ಹಾರನ್ ಹೊಡೆಯುತ್ತಿರುತ್ತದೆ. ಆಗ ಕ್ಲಚ್ಚು ಅವರೇ ಒತ್ತುತ್ತಾರೆ, ಬ್ರೇಕೂ ಅವರೇ. ಕಲಿಯುವವರ ಕೈಯಲ್ಲಿ ಉಳಿಯುವುದು ಸ್ಟೇರಿಂಗ್ ಮಾತ್ರ. ಗಾಡಿ ನಯವಾಗಿ ಹೋಗುತ್ತದೆ, "ಪರವಾಗಿಲ್ಲ, ಚೆನ್ನಾಗ್ ಓಡಿಸ್ತೀರ" ಎಂಬ ಮೆಚ್ಚುಗೆಯೂ ಸಿಗುತ್ತದೆ. ಸೊಂಟ ಹಿಡಿದ ಕೈಯನ್ನು ಬಿಡದೆಯೇ ಈಜು ಬಂತೆಂದು ದಡ ಹತ್ತಿಸಿದ ಹಾಗೆ.

ಸತ್ಯ ಗೊತ್ತಾಗುವುದು ಸ್ವಂತ ಕಾರಿನಲ್ಲಿ, ಒಂದು ಏರಿನಲ್ಲಿ. ಹಾಸನದಿಂದ ಸಕಲೇಶಪುರದ ಕಡೆ ಹೋದವರಿಗೆ ಏರು ಏನೆಂದು ಹೇಳಿಕೊಡಬೇಕಿಲ್ಲ. ಹಿಂದೆ ಲಾರಿ, ಮುಂದೆ ಬಸ್ಸು, ನಡುವೆ ನಿಂತ ಕಾರನ್ನು ಹಿಂದಕ್ಕೆ ಜಾರಿಸದೆ ಎತ್ತಬೇಕು. ಹ್ಯಾಂಡ್ ಬ್ರೇಕ್ ಹಾಕಿ, ಹಾಫ್ ಕ್ಲಚ್ಚಿನಲ್ಲಿ ಇಂಜಿನ್ನಿನ ದನಿ ಬದಲಾಗುವುದನ್ನು ಕೇಳಿಸಿಕೊಂಡು, ಆಮೇಲೆ ಬ್ರೇಕ್ ಬಿಡುವ ಆ ಎರಡು ಕ್ಷಣದ ಕೆಲಸ ಬಾಯಿಮಾತಿನಿಂದ ಬರುವುದಿಲ್ಲ. ಹತ್ತಾರು ಸಲ ಗಾಡಿ ಆಫ್ ಆಗಬೇಕು, ಬೆವರಬೇಕು. ಏರಿನಲ್ಲಿ ಗಾಡಿ ಎತ್ತುವುದು ಡಿಎಲ್ ಪರೀಕ್ಷೆಯ ಅಂಶಗಳ ಪಟ್ಟಿಯಲ್ಲೂ ಇದೆ; ರಿವರ್ಸ್ ಇದೆ, ತುರ್ತು ಬ್ರೇಕ್ ಇದೆ, ಕನ್ನಡಿ ನೋಡುವುದಿದೆ. ಪರೀಕ್ಷೆ ಕೆಲವೇ ನಿಮಿಷದಲ್ಲಿ ಮುಗಿದುಹೋದರೆ ಇವೆಲ್ಲ ಕಾಗದದ ಮೇಲೇ ಉಳಿಯುತ್ತವೆ.

ಇದಾದ ಮೇಲೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಡಿಎಲ್ ಪರ್ಸಿನಲ್ಲಿರುತ್ತದೆ, ಕಾರು ಶೆಡ್ಡಿನಲ್ಲಿರುತ್ತದೆ. ಪರಿಚಯದ ಡ್ರೈವರ್ ಅಣ್ಣನಿಗೆ ದಿನಕ್ಕಿಷ್ಟೆಂದು ಕೊಟ್ಟು ಮತ್ತೆ ಕಲಿಯುತ್ತಾರೆ. ಅವರ ಪಕ್ಕದಲ್ಲಿ ಎರಡನೇ ಬ್ರೇಕು ಇರುವುದಿಲ್ಲ. ಬಂಪರ್ ಗೀರುತ್ತದೆ, ಗೇಟಿನ ಕಂಬ ತಾಗುತ್ತದೆ. ಏಳು ಸಾವಿರ ಕೊಡುವುದನ್ನು ತಪ್ಪಿಸಲು ಹೋದವರು ಕಡೆಗೆ ಅದಕ್ಕಿಂತ ಹೆಚ್ಚೇ ಖರ್ಚು ಮಾಡಿರುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು. ಕಷ್ಟಪಟ್ಟು ಮನೆಯವರನ್ನು ಒಪ್ಪಿಸಿ ಬೆಳಿಗ್ಗೆ ಆರಕ್ಕೆ ಕ್ಲಾಸಿಗೆ ಹೋದವರು, ಅರೆಬರೆ ಕಲಿತು ಒಂದು ಸಲ ಗಾಬರಿಯಾದರೆ, "ನಿನ್ ಕೈಲಾಗಲ್ಲ ಬಿಡು" ಎಂಬ ಮಾತು ಕೇಳಿ ಕೀಲಿಕೈಯನ್ನು ಮತ್ತೆ ಮುಟ್ಟುವುದೇ ಇಲ್ಲ. ಅವರ ಕೈಲಾಗದ್ದೇನೂ ಇರಲಿಲ್ಲ. ಅವರಿಗೆ ಗಂಟೆ ಸಿಕ್ಕಿರಲಿಲ್ಲ, ಅಷ್ಟೇ.

ಮೂರು ಊರು, ಕಷ್ಟದ ರಸ್ತೆ

ಸಣ್ಣ ಊರು, ಟ್ರಾಫಿಕ್ ಕಮ್ಮಿ, ಇಷ್ಟು ಕಲಿತರೆ ಸಾಕು ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಚನ್ನರಾಯಪಟ್ಟಣವನ್ನೇ ನೋಡಿ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ಅದರ ಪಕ್ಕದಲ್ಲೇ ನಾಲ್ಕು ಪಥದಲ್ಲಿ ಹಾದು ಶಾಂತಿಗ್ರಾಮದ ಟೋಲ್ ದಾಟಿ ಹಾಸನ ಸೇರುತ್ತದೆ. ಊರೊಳಗಿನ ಖಾಲಿ ಬಡಾವಣೆಯಲ್ಲಿ ಸೆಕೆಂಡ್ ಗೇರಿನಲ್ಲಿ ಕಲಿತವರು ಡಿಎಲ್ ಬಂದ ವಾರವೇ ಈ ರಸ್ತೆಗೆ ಇಳಿಯುತ್ತಾರೆ. ಸರ್ವಿಸ್ ರಸ್ತೆಯಿಂದ ಹೆದ್ದಾರಿಗೆ ಸೇರಿಕೊಳ್ಳುವಾಗ ವೇಗ ಎಷ್ಟಿರಬೇಕು, ಕನ್ನಡಿಯಲ್ಲಿ ಸಣ್ಣದಾಗಿ ಕಂಡ ಬಸ್ಸು ಎಷ್ಟು ಹೊತ್ತಿಗೆ ಮೈಮೇಲೆ ಬರುತ್ತದೆ, ರಾಂಗ್ ಸೈಡಿನಲ್ಲಿ ಬರುವ ಬೈಕಿಗೆ ಎಲ್ಲಿ ಕಾಯಬೇಕು, ಇದೊಂದನ್ನೂ ಯಾರೂ ತೋರಿಸಿರುವುದಿಲ್ಲ. ಕಬ್ಬು ಕಟಾವಿನ ಕಾಲದಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರು ರಾತ್ರಿ ಎದುರಾದರೆ ಏನು ಮಾಡಬೇಕೆಂಬುದನ್ನಂತೂ ಯಾವ ಬೆಳಗಿನ ಬ್ಯಾಚಿನಲ್ಲೂ ಕಲಿಸಲಾಗದು.

ಹೊಳೆನರಸೀಪುರ ಇರುವುದು ಬೇಲೂರಿನಿಂದ ಹಾಸನದ ಮೂಲಕ ಬಿಳಿಕೆರೆ ಕಡೆ ಸಾಗುವ ರಾಷ್ಟ್ರೀಯ ಹೆದ್ದಾರಿ 373ರ ಮೇಲೆ. 2025ರ ಸೆಪ್ಟೆಂಬರ್ 12ರ ರಾತ್ರಿ ಮೊಸಳೆಹೊಸಹಳ್ಳಿಯಲ್ಲಿ ಗಣೇಶನ ಮೆರವಣಿಗೆಯ ಮೇಲೆ ಲಾರಿ ನುಗ್ಗಿದ್ದು ಈ ದಾರಿಯಲ್ಲೇ. ಸತ್ತವರಲ್ಲಿ ಎಳೆಯ ವಯಸ್ಸಿನ ಹುಡುಗರೇ ಹೆಚ್ಚಿದ್ದರು. ಕಾರು ಕಲಿಸುವ ಸ್ಕೂಲುಗಳಿಗೂ ಆ ದುರಂತಕ್ಕೂ ಸಂಬಂಧ ಕಟ್ಟುವುದು ತಪ್ಪಾಗುತ್ತದೆ. ಆದರೆ ಲಾರಿ, ಬೈಕು, ದನ, ಮೆರವಣಿಗೆ ಎಲ್ಲವೂ ಒಂದೇ ರಸ್ತೆ ಹಂಚಿಕೊಳ್ಳುವ ಜಿಲ್ಲೆ ನಮ್ಮದು. ಇಲ್ಲಿ ಸ್ಟೇರಿಂಗ್ ಹಿಡಿಯುವವರಿಗೆ ಬೆಂಗಳೂರಿನವರಿಗಿಂತ ಕಡಿಮೆ ಕಲಿಕೆ ಸಾಕೆನ್ನಲು ಯಾವ ಆಧಾರವೂ ಇಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಗ್ರಾಮೀಣ ಪ್ರದೇಶದಲ್ಲಿ. ಶೇ 70ಕ್ಕೂ ಹೆಚ್ಚು ಸಾವಿಗೆ ದಾಖಲಾದ ಕಾರಣ ಅತಿವೇಗ.

ಅರಕಲಗೂಡಿನ ಕಥೆ ಸ್ವಲ್ಪ ಬೇರೆ. ಹೊಗೆಸೊಪ್ಪು, ಆಲೂಗಡ್ಡೆ, ಶುಂಠಿ ಬೆಳೆಯುವ ಸೀಮೆಯ ಹುಡುಗರು ಟ್ರ್ಯಾಕ್ಟರಿನ ಮೇಲೇ ದೊಡ್ಡವರಾಗಿರುತ್ತಾರೆ. ಕ್ಲಚ್ಚು, ಗೇರು ಅವರಿಗೆ ಹೊಸದಲ್ಲ. ಇಂಥವರಿಗೆ ಅಗ್ಗದ ಪ್ಯಾಕೇಜು ನಷ್ಟವೇನಲ್ಲವೆಂದು ಮೇಲ್ನೋಟಕ್ಕೆ ಅನಿಸಬಹುದು. ಗಾಡಿ ಎತ್ತುವುದಕ್ಕೆ ಅವರಿಗೆ ಹತ್ತು ಗಂಟೆ ಬೇಡ, ನಿಜ. ಅವರಿಗೆ ಬೇಕಿರುವುದು ಕನ್ನಡಿಯ ಅಭ್ಯಾಸ, ಇಂಡಿಕೇಟರಿನ ಶಿಸ್ತು, ಎಂಬತ್ತರ ವೇಗದಲ್ಲಿ ಮುಂದಿನ ಗಾಡಿಗೆ ಬಿಡಬೇಕಾದ ಅಂತರ, ರಾತ್ರಿ ಎದುರು ಗಾಡಿಗೆ ಡಿಮ್ ಮಾಡುವುದು. ಅಗ್ಗದ ಪ್ಯಾಕೇಜಿನಲ್ಲಿ ಸಿಗದೇ ಹೋಗುವುದು ಸರಿಯಾಗಿ ಇವೇ.

ಇನ್ನೊಂದು ವಿಷಯವನ್ನು ಅರಕಲಗೂಡಿನಂಥ ಊರಿನವರು ಗಮನಿಸಲೇಬೇಕು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು, ಅದಕ್ಕೆ ಪ್ರತ್ಯೇಕ ಅನುಮತಿ ಬೇಕಿಲ್ಲ ಎಂದು ತೀರ್ಪು ಕೊಟ್ಟಿತು. ಬದುಕಿಗೆ ದಾರಿ ಹುಡುಕುವ ಹುಡುಗರಿಗೆ ಇದರಿಂದ ಅನುಕೂಲವಾಗಿದೆ. ಇದರ ಇನ್ನೊಂದು ಅರ್ಥ: ಕಾರಿನ ಲೈಸೆನ್ಸಿಗಾಗಿ ಪಡೆದ ತರಬೇತಿಯೇ, ಶುಂಠಿ ಮೂಟೆ ತುಂಬಿದ ಪಿಕಪ್ ಓಡಿಸುವವನ ಏಕೈಕ ತರಬೇತಿಯೂ ಆಗಬಹುದು. ಖಾಲಿ ಕಾರು ನಿಲ್ಲುವ ಜಾಗದಲ್ಲಿ ಒಂದೂವರೆ ಟನ್ ಹೇರಿದ ಗಾಡಿ ನಿಲ್ಲುವುದಿಲ್ಲ. ಮೂರೂ ಮುಕ್ಕಾಲು ಗಂಟೆ ಕಲಿತವನಿಗೆ ಇದನ್ನು ಹೇಳಿಕೊಟ್ಟವರು ಯಾರು?

ಹೊರದೇಶಗಳಲ್ಲಿ ಇದನ್ನು ಹೇಗೆ ನೋಡುತ್ತಾರೆಂಬುದಕ್ಕೆ ಜರ್ಮನಿ ಒಂದು ಉದಾಹರಣೆ. ಅಲ್ಲಿ ಕಾರಿನ ಲೈಸೆನ್ಸಿಗೆ ಮಾಮೂಲಿ ಪಾಠಗಳ ಜೊತೆ ಹನ್ನೆರಡು ವಿಶೇಷ ಪಾಠ ಕಡ್ಡಾಯ: ಊರ ಹೊರಗಿನ ರಸ್ತೆಯಲ್ಲಿ ಐದು, ಹೆದ್ದಾರಿಯಲ್ಲಿ ನಾಲ್ಕು, ಕತ್ತಲಲ್ಲಿ ಮೂರು. ನಮ್ಮಲ್ಲೂ 2021ರ ಜುಲೈನಿಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮ ಜಾರಿಯಲ್ಲಿದೆ. ಲಘು ವಾಹನಕ್ಕೆ 29 ಗಂಟೆಯ ಕೋರ್ಸು, ಅದರಲ್ಲಿ 21 ಗಂಟೆ ಪ್ರಾಯೋಗಿಕ. ಅಲ್ಲಿ ಪಾಸಾದವರಿಗೆ ಆರ್‌ಟಿಒ ಚಾಲನಾ ಪರೀಕ್ಷೆಯಿಂದ ವಿನಾಯಿತಿ. ಆದರೆ ಅಂಥ ಕೇಂದ್ರಕ್ಕೆ ಕನಿಷ್ಠ ಒಂದು ಎಕರೆ ಜಾಗ, ಸಿಮ್ಯುಲೇಟರ್ ಬೇಕು. ಬಸ್ ಸ್ಟ್ಯಾಂಡ್ ಪಕ್ಕದ ಒಂದು ಕೋಣೆಯಲ್ಲಿ ನಡೆಯುವ ಸ್ಕೂಲು ಅಷ್ಟು ಬಂಡವಾಳ ಎಲ್ಲಿಂದ ತಂದೀತು? ಹಾಸನದಲ್ಲಿ ಕೆಎಸ್‌ಆರ್‌ಟಿಸಿಯ ಚಾಲಕ ತರಬೇತಿ ಕೇಂದ್ರವಿದೆ. ನಿಗಮದ ಚಾಲಕ ಹುದ್ದೆಗೆ ಬರುವವರನ್ನು ಅಲ್ಲಿನ ಗಣಕೀಕೃತ ಪಥದಲ್ಲಿ ಪರೀಕ್ಷಿಸುತ್ತಾರೆ. ಗೆರೆ ತಾಕಿದರೆ ಯಂತ್ರವೇ ಹೇಳುತ್ತದೆ. ಬಸ್ಸಿನ ಚಾಲಕನಿಗೆ ಇರುವ ಆ ಕಟ್ಟುನಿಟ್ಟಿನಲ್ಲಿ ಕಾಲು ಭಾಗವಾದರೂ ಕಾರಿನವರಿಗೆ ಬೇಡವೇ? ತಾಲ್ಲೂಕಿಗೊಂದು ಸಾರ್ವಜನಿಕ ಅಭ್ಯಾಸ ಪಥ ಮಾಡಿ, ಸಣ್ಣ ಸ್ಕೂಲುಗಳಿಗೆ ಗಂಟೆ ಲೆಕ್ಕದಲ್ಲಿ ಬಿಟ್ಟುಕೊಟ್ಟರೆ ಏಳು ಸಾವಿರ ಕೊಡಲಾಗದವರಿಗೂ ಒಳ್ಳೆಯ ಕಲಿಕೆ ಸಿಗುತ್ತದೆ. ದರ ಏರಿಸಿದ ಸರ್ಕಾರಕ್ಕೆ ಈ ಜವಾಬ್ದಾರಿಯೂ ಇದೆ ಎಂದೇ ನನ್ನ ಅಭಿಪ್ರಾಯ.

ದುಡ್ಡು ಕೊಡುವ ಮುಂಚೆ

ಏಳು ಸಾವಿರ ತೆಗೆದುಕೊಂಡವರೆಲ್ಲ ಹತ್ತು ಗಂಟೆ ಕೊಡುತ್ತಾರೆಂಬ ಭರವಸೆಯೂ ಇಲ್ಲ. ದುಬಾರಿ ಅಂದಮಾತ್ರಕ್ಕೆ ಒಳ್ಳೆಯದಲ್ಲ. ಹಾಗಾಗಿ ಹೇಳಿದ ಮೊತ್ತವನ್ನು ಪಕ್ಕಕ್ಕಿಟ್ಟು ಬೇರೆ ಕೆಲವನ್ನು ನೋಡಬೇಕು.

ಸ್ಕೂಲಿಗೆ ಸಾರಿಗೆ ಇಲಾಖೆಯ ಲೈಸೆನ್ಸ್ ಇರಬೇಕು, ಅದು ಫಾರಂ 11ರಲ್ಲಿರುತ್ತದೆ, ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಗೋಡೆಯ ಮೇಲೆ ಹುಡುಕಿ. ಕಲಿಸುವವರಿಗೆ ಕನಿಷ್ಠ ಐದು ವರ್ಷದ ಚಾಲನಾ ಅನುಭವ ಇರಬೇಕು. ಕಪ್ಪು ಹಲಗೆ, ಸಂಚಾರ ಚಿಹ್ನೆಗಳ ಚಾರ್ಟು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲೇಬೇಕೆಂದು ನಿಯಮ ಹೇಳುತ್ತದೆ. ಒಂದು ಮೇಜು, ಒಂದು ಜೆರಾಕ್ಸ್ ಮೆಷಿನ್ ಮಾತ್ರ ಕಂಡರೆ ಅದು ಅರ್ಜಿ ತುಂಬುವ ಅಂಗಡಿ, ಸ್ಕೂಲಲ್ಲ. "ನಿಮ್ಗೆ ಡಿಎಲ್ ಬಂದ್ರೆ ಸಾಕು ತಾನೆ, ನಾವ್ ನೋಡ್ಕೊಳ್ತೀವಿ" ಎಂದರಂತೂ ಎದ್ದು ಬನ್ನಿ. ಅಡ್ಡದಾರಿಯಲ್ಲಿ ಲೈಸೆನ್ಸ್ ಕೊಡಿಸುವ ಭರವಸೆಯನ್ನು ನಿಯಮವೇ ನಿಷೇಧಿಸಿದೆ. ಎಲ್‌ಎಲ್ ಅರ್ಜಿಯನ್ನು ಸಾರಥಿ ಪೋರ್ಟಲಿನಲ್ಲಿ ನೀವೇ ಹಾಕಬಹುದು. ಆ ಕೆಲಸಕ್ಕಾಗಿ ಸ್ಕೂಲಿಗೆ ಹೆಚ್ಚುವರಿ ದುಡ್ಡು ಕೊಡಬೇಕಾಗಿಲ್ಲ.

ಒಂದು ಕಾರಿನಲ್ಲಿ ಎಷ್ಟು ಜನ, ಒಬ್ಬರಿಗೆ ದಿನಕ್ಕೆ ಎಷ್ಟು ನಿಮಿಷ, ಏರಿನಲ್ಲಿ ಮತ್ತು ಹೆದ್ದಾರಿಯಲ್ಲಿ ಓಡಿಸಲು ಬಿಡುತ್ತೀರಾ, ಸಂಜೆ ಕತ್ತಲಾದ ಮೇಲೆ ಒಂದೆರಡು ದಿನ ಕ್ಲಾಸು ಕೊಡುತ್ತೀರಾ, ಟೆಸ್ಟಿನ ದಿನ ಗಾಡಿಗೆ ಬೇರೆ ದುಡ್ಡು ಕೇಳುತ್ತೀರಾ, ಎಂದು ಬಾಯಿಬಿಟ್ಟು ಕೇಳಿ. ಉತ್ತರವನ್ನು ರಸೀದಿಯ ಹಿಂಭಾಗದಲ್ಲಿ ಬರೆಸಿಕೊಳ್ಳಿ. ಸಂಕೋಚ ಬೇಡ. ಸೀರೆ ಕೊಳ್ಳುವಾಗ ಎರಡು ಗಂಟೆ ವಿಚಾರಿಸುವ ನಾವು ಜೀವದ ವಿಷಯಕ್ಕೆ ಎರಡು ನಿಮಿಷವೂ ವಿಚಾರಿಸುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಫಾರಂ 15. ಕಲಿಯುವವರು ಯಾವ ದಿನ ಎಷ್ಟು ಹೊತ್ತು ಗಾಡಿ ಓಡಿಸಿದರೆಂದು ಬರೆದಿಡುವ ರಿಜಿಸ್ಟರ್ ಅದು. ಇದನ್ನು ಇಡಲೇಬೇಕೆಂದು ಕಾನೂನು ಹೇಳುತ್ತದೆ. ಹೀಗೊಂದು ಪುಸ್ತಕ ಇದೆಯೆಂದೇ ಕಲಿಯುವವರಿಗೆ ಗೊತ್ತಿರುವುದಿಲ್ಲ. ಮೊದಲ ದಿನವೇ ಅದನ್ನು ಕೇಳಿ. ನಿಮ್ಮ ನೋಟ್‌ಬುಕ್ಕಿನಲ್ಲೂ ದಿನದಿನದ ನಿಮಿಷ ಗುರುತು ಹಾಕಿ. ಕೊನೆಯ ಕಂತು ಕೊಡುವ ದಿನ ಎರಡನ್ನೂ ಹೋಲಿಸಿ. ಹತ್ತು ಗಂಟೆ ಆಗಿಲ್ಲವೆಂದರೆ ಉಳಿದ ಗಂಟೆ ಕೊಡಿಸಿಕೊಂಡು ಆಮೇಲೆ ದುಡ್ಡು ಕೊಡಿ. ಒಪ್ಪದಿದ್ದರೆ ಆರ್‌ಟಿಒಗೆ ಲಿಖಿತ ದೂರು ಕೊಡಬಹುದು, ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ.

ಕೈಯಲ್ಲಿ ನಾಲ್ಕು ಸಾವಿರ ಮಾತ್ರ ಇದ್ದರೆ ಅಗ್ಗದ ಪ್ಯಾಕೇಜಿಗೆ ಓಡಬೇಡಿ. ಒಳ್ಳೆಯ ಸ್ಕೂಲಿಗೆ ಹೋಗಿ, ಎರಡು ಕಂತಿನಲ್ಲಿ ಕೊಡುತ್ತೇನೆಂದು ಮಾತಾಡಿ, ಇಲ್ಲವೇ ಇನ್ನೆರಡು ತಿಂಗಳು ಕಾಯಿರಿ. ಎಲ್‌ಎಲ್ ಆರು ತಿಂಗಳು ಊರ್ಜಿತದಲ್ಲಿರುತ್ತದೆ, ಡಿಎಲ್‌ಗೆ ಅವಸರವಿಲ್ಲ. ಈಗಾಗಲೇ ಕಲಿಯುತ್ತಿರುವವರು ನಾಳೆ ಬೆಳಿಗ್ಗೆ ಕ್ಲಾಸಿಗೆ ಹೋದಾಗ ಫಾರಂ 15 ತೋರಿಸಿ ಎಂದು ಕೇಳಿ.